ಚೆಂದಕ್ಕಿಂತ ಮೊದಲು ಗಾಳಿ, ಬೆಳಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತಿಗೆ ನಗರಗಳಲ್ಲಿ ಈಗ ಮೂರನೆಯದೊಂದು ಸೇರಿಕೊಂಡಿದೆ: ಇಂಟೀರಿಯರ್ ಮಾಡಿಸಿ ನೋಡು. ಫ್ಲ್ಯಾಟಿನ ಬೀಗದ ಕೈ ಸಿಕ್ಕಿದ್ದೇ ತಡ, ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗು, ಟೀವಿ ಯೂನಿಟ್ಟು, ವಾರ್ಡ್‌ರೋಬುಗಳ ಕೊಟೇಶನ್ನುಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಸಾಲ ಮಾಡಿ ಕೊಂಡ ಮನೆಯ ಮೇಲೆ ಇನ್ನಷ್ಟು ಲಕ್ಷ ಸುರಿದ ಮೇಲೆ ಕೈಗೆ ಸಿಗುವುದು ಹೆಚ್ಚಾಗಿ ಫೋಟೊದಲ್ಲಿ ಚೆನ್ನಾಗಿ ಕಾಣುವ ಮನೆ. ಅಲ್ಲಿ ನಿದ್ದೆ ಹೇಗೆ ಬರುತ್ತದೆ, ಮಕ್ಕಳು ಓದಲು ಕೂತಾಗ ಎಷ್ಟು ಗದ್ದಲ ಕೇಳುತ್ತದೆ, ಅಡುಗೆ ಮಾಡುವವರ ಬೆನ್ನಿನ ಗತಿ ಏನು ಎಂಬ ಪ್ರಶ್ನೆಗಳಿಗೆ ಕೊಟೇಶನ್ನಿನಲ್ಲಿ ಕಾಲಮ್ಮೇ ಇರುವುದಿಲ್ಲ.

ಈ ಪ್ರಶ್ನೆಗಳನ್ನು ದಾದಿಯರು, ವೈದ್ಯರು, ಮನೋವಿಜ್ಞಾನಿಗಳು, ವಾಸ್ತುಶಿಲ್ಪಿಗಳು, ಅರ್ಥಶಾಸ್ತ್ರಜ್ಞರು ನೂರೈವತ್ತು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಅವರು ಕಂಡುಕೊಂಡದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ನಾವು ಯಾವುದಕ್ಕೆ ಹೆಚ್ಚು ಹಣ ಹಾಕುತ್ತೇವೋ ಅದರಿಂದ ಒಳಿತಾಗುತ್ತದೆ ಎಂಬುದಕ್ಕೆ ಪುರಾವೆ ತೆಳು. ಫೋಟೊಕ್ಕೆ ಸಿಗದ ಗಾಳಿ, ಬೆಳಕು, ಸದ್ದು, ನೆಲ ಇವುಗಳ ಪರಿಣಾಮಕ್ಕೆ ಪುರಾವೆ ಗಟ್ಟಿ. ಇವುಗಳ ಸಾಲಿಗೆ ಸೇರುವ ಇನ್ನೊಂದು ಸಂಗತಿಯೂ ಇದೆ: ಆ ಜಾಗದಲ್ಲಿ ಇರುವವರ ಮಾತು ಆ ಜಾಗದ ಮೇಲೆ ಎಷ್ಟು ನಡೆಯುತ್ತದೆ ಎಂಬುದು.

ಆಸ್ಪತ್ರೆಯಲ್ಲಿ ಹುಟ್ಟಿದ ಪ್ರಶ್ನೆ

ಕೋಣೆಗೂ ಮೈಗೂ ಇರುವ ನಂಟನ್ನು ಮೊದಲು ಗಂಭೀರವಾಗಿ ಗಮನಿಸಿದ್ದು ಆಸ್ಪತ್ರೆಗಳು. ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ಕೆಲಸ ಮಾಡಿ ಬಂದ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಔಷಧಕ್ಕಿಂತ ಮೊದಲು ಕೋಣೆಯ ಗಾಳಿಯ ವಿಚಾರ ಎತ್ತುತ್ತಾರೆ. ಸದ್ದಿಗೊಂದು, ಬೆಳಕಿಗೊಂದು ಅಧ್ಯಾಯ ಮೀಸಲಿಡುತ್ತಾರೆ. ಒಂದೇ ಗೋಡೆಯನ್ನು ದಿನಗಟ್ಟಲೆ ನೋಡುತ್ತ ಮಲಗಿದ ರೋಗಿಯ ಸಂಕಟವೂ ಅವರ ಪುಸ್ತಕದಲ್ಲಿ ಒಂದು ಕಾಯಿಲೆಯ ವಿಷಯವೇ.

ಕ್ಷಯಕ್ಕೆ ಮದ್ದೇ ಇಲ್ಲದ ಕಾಲದಲ್ಲಿ ಕಟ್ಟಡವೇ ಮದ್ದಿನ ಕೆಲಸ ಮಾಡಬೇಕಾಗಿತ್ತು. ಫಿನ್‌ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಮುಗಿದ ಕ್ಷಯರೋಗ ಆಸ್ಪತ್ರೆಯನ್ನು ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ರೂಪಿಸಿದ್ದು ಮಲಗಿದವನ ಕಣ್ಣಿನಿಂದ. ನಿಂತವನಿಗೆ ಗೋಡೆ ಕಾಣುತ್ತದೆ, ಮಲಗಿದವನಿಗೆ ಚಾವಣಿ. ಹಾಗಾಗಿ ಚಾವಣಿಗೆ ಕಣ್ಣಿಗೆ ತಂಪಾದ ಹಸಿರು ಬಣ್ಣ ಬಳಿಸಿದರು. ದೀಪವನ್ನು ರೋಗಿಯ ನೇರ ನೋಟಕ್ಕೆ ಬೀಳದಂತೆ ಇಟ್ಟರು. ಪಕ್ಕದ ಮಂಚದವನಿಗೆ ಎಚ್ಚರವಾಗದಿರಲೆಂದು ನೀರು ಬಿದ್ದರೂ ಸದ್ದಾಗದ ಕೈತೊಳೆಯುವ ತೊಟ್ಟಿ ಮಾಡಿಸಿದರು. ಉಸಿರಾಟ ಸಲೀಸಾಗುವಷ್ಟೇ ಬೆನ್ನು ಒರಗುವ ಕುರ್ಚಿ ಮಾಡಿದರು. ಅಲ್ಲಿನ ಒಂದೊಂದು ತೀರ್ಮಾನದ ಹಿಂದೆಯೂ ಅಲಂಕಾರವಲ್ಲ, ಒಂದೊಂದು ಉಪಯೋಗ ಇತ್ತು.

ಹೀಗೆ ಅಂದಾಜಿನಲ್ಲಿ ಇದ್ದದ್ದಕ್ಕೆ ಅಂಕಿಯ ಬಲ ಸಿಕ್ಕಿದ್ದು 1984ರಲ್ಲಿ. ಅಮೆರಿಕದ ರೋಜರ್ ಅಲ್ರಿಕ್ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ದಾಖಲೆ ತೆಗೆದು, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ಮಂದಿಯನ್ನು ವಯಸ್ಸು, ಲಿಂಗ ಮುಂತಾದವು ಹೊಂದುವಂತೆ ಜೋಡಿ ಜೋಡಿಯಾಗಿ ಹೋಲಿಸಿದರು. ಜೋಡಿಯ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ, ಗೋಡೆ ಕಂಡವರು 8.70 ದಿನಕ್ಕೆ ಮನೆಗೆ ಹೋದರು. ಮರ ಕಂಡವರಿಗೆ ಬಲವಾದ ನೋವಿನ ಮದ್ದೂ ಕಡಿಮೆ ಸಾಕಾಯಿತು. 46 ದೊಡ್ಡ ಸಂಖ್ಯೆಯಲ್ಲ, ಒಂದೇ ಆಸ್ಪತ್ರೆಯ ಲೆಕ್ಕ ಇಡೀ ಲೋಕದ ಲೆಕ್ಕವೂ ಅಲ್ಲ. ಆದರೆ ಆಸ್ಪತ್ರೆ ಕಟ್ಟುವವರು ಕಿಟಕಿಯ ಆಚೆ ಏನಿದೆ ಎಂದು ಕೇಳತೊಡಗಿದ್ದು ಈ ಪುಟ್ಟ ಅಧ್ಯಯನದ ನಂತರ.

ನಮ್ಮ ಆಸ್ಪತ್ರೆಗಳಿಗೆ ಬಂದರೆ ಪ್ರಶ್ನೆಯ ರೂಪ ಬೇರೆ. ಇಲ್ಲಿ ರೋಗಿ ಒಬ್ಬನೇ ಬರುವುದಿಲ್ಲ. ತಾಯಿಯೋ ಹೆಂಡತಿಯೋ ತಮ್ಮನೋ ಜೊತೆಗಿರುತ್ತಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ, ಅವರನ್ನೂ ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಕುಟುಂಬದವರೂ ಜೊತೆಗಿರುವ ವಾರ್ಡಿನ ಪದ್ಧತಿಯನ್ನು ಬೆಳೆಸಿತು. ಇಷ್ಟೆಲ್ಲ ಗೊತ್ತಿದ್ದೂ ಹೆಚ್ಚಿನ ಆಸ್ಪತ್ರೆಗಳ ನಕ್ಷೆಯಲ್ಲಿ ರೋಗಿಯ ಜೊತೆಗಿರುವವರು ಇಲ್ಲ. ಅವರು ಮಲಗುವುದು ಮಂಚದ ಕೆಳಗೆ, ಊಟ ಮಾಡುವುದು ಮೆಟ್ಟಿಲ ಮೇಲೆ. ನಮ್ಮಲ್ಲಿ ಆಸ್ಪತ್ರೆಯ ಒಳಾಂಗಣ ಸುಧಾರಿಸುವುದೆಂದರೆ ಮೊದಲು ಇವರಿಗೊಂದು ಜಾಗ ಮಾಡುವುದು.

ಬೆಳಕು: ಹಗಲಿಗೆ ಕೊರತೆ, ರಾತ್ರಿಗೆ ಅತಿ

ಬೆಳಕು ಬರೀ ನೋಟಕ್ಕೆ ಎಂದು ಬಹುಕಾಲ ನಂಬಿದ್ದೆವು. 2002ರ ಸುಮಾರಿಗೆ ಡೇವಿಡ್ ಬರ್ಸನ್ ಮತ್ತಿತರರು ಕಣ್ಣಿನ ರೆಟಿನಾದಲ್ಲಿ ಇನ್ನೊಂದು ಬಗೆಯ ಕೋಶಗಳು ಬೆಳಕಿಗೆ ಸ್ಪಂದಿಸುವುದನ್ನು ತೋರಿಸಿಕೊಟ್ಟರು. ಇವುಗಳ ಮುಖ್ಯ ಕೆಲಸ ಚಿತ್ರ ಕಾಣಿಸುವುದಲ್ಲ, ಹಗಲೋ ರಾತ್ರಿಯೋ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು. ನಿದ್ದೆ, ಹಸಿವು, ಮೈಯ ಬಿಸಿ, ಹಾರ್ಮೋನುಗಳ ಏರಿಳಿತ ಎಲ್ಲವೂ ಈ ಸುದ್ದಿಯನ್ನು ನಂಬಿ ನಡೆಯುತ್ತವೆ. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿಗೆ ಇವು ತೀವ್ರವಾಗಿ ಸ್ಪಂದಿಸುತ್ತವೆ.

ನಮ್ಮ ಹೊಸ ಮನೆಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಹಗಲಲ್ಲಿ ಕೋಣೆ ಕತ್ತಲು, ಏಕೆಂದರೆ ಕಿಟಕಿ ಪಕ್ಕದ ಕಟ್ಟಡದ ಗೋಡೆಗೋ ಪೈಪುಗಳ ಡಕ್ಟಿಗೋ ತೆರೆದುಕೊಳ್ಳುತ್ತದೆ, ಅದರ ಮೇಲೆ ದಪ್ಪ ಪರದೆ ಬೇರೆ. ರಾತ್ರಿಯಾದರೆ ಫಾಲ್ಸ್ ಸೀಲಿಂಗಿನ ತುಂಬ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಬಿಸಿಲಿನ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೇ ಒಂದರಷ್ಟು, ತೇವದ ಸೆಕೆ ಇರುವ ಕರಾವಳಿಯಂಥ ಕಡೆ ಆರನೇ ಒಂದರಷ್ಟು ಕಿಟಕಿ ಇರಬೇಕೆನ್ನುತ್ತದೆ. ಆದರೆ ಕಿಟಕಿಗೆ ಅಡ್ಡವಾಗಿ ವಾರ್ಡ್‌ರೋಬ್ ನಿಲ್ಲಿಸಿದರೆ ಯಾವ ಸಂಹಿತೆ ಏನು ಮಾಡೀತು?

ಹಳೆಯ ಮನೆ ಕಟ್ಟಿದವರಿಗೆ ರೆಟಿನಾದ ಕೋಶಗಳ ವಿಷಯ ಗೊತ್ತಿರಲಿಲ್ಲ. ಆದರೂ ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ನಡುವಿನ ತೊಟ್ಟಿಯಿಂದ ಬೆಳಕು ಸುತ್ತಲಿನ ಪಡಸಾಲೆಗೆಲ್ಲ ಹಂಚಿಹೋಗುತ್ತಿತ್ತು, ಬಿಸಿ ಗಾಳಿ ಅದೇ ದಾರಿಯಲ್ಲಿ ಮೇಲೇರುತ್ತಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬಿಸಿಲಿನ ಝಳ ತಡೆಯಲು ಕಿಟಕಿ ಕಿರಿದು ಮಾಡಿ, ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಎಲ್ಲರಿಗೂ ತೊಟ್ಟಿ ಮನೆ ಸಾಧ್ಯವಿಲ್ಲ. ಬೆಳಗ್ಗೆ ಪರದೆ ಸರಿಸುವುದು, ಓದುವ ಮೇಜನ್ನು ಕಿಟಕಿಯ ಹತ್ತಿರ ತರುವುದು, ರಾತ್ರಿ ಚಾವಣಿಯ ದೀಪಗಳನ್ನು ಆರಿಸಿ ಹಳದಿ ಬೆಳಕಿನ ಒಂದು ಚಿಕ್ಕ ದೀಪ ಉರಿಸುವುದು ಎಲ್ಲರಿಗೂ ಸಾಧ್ಯ.

ಗಾಳಿ: ಹೊಗೆಯಿಂದ ಪ್ಲೈವುಡ್‌ವರೆಗೆ

ಒಳಾಂಗಣದಿಂದ ಆಗುವ ಕೇಡುಗಳಲ್ಲಿ ಅತಿ ದೊಡ್ಡದು ಒಲೆಯ ಹೊಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆ ಕುಡಿದವರಲ್ಲಿ ಹೆಂಗಸರು, ಕಂಕುಳಲ್ಲಿದ್ದ ಮಕ್ಕಳು ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟಿತು. ಇಂಟೀರಿಯರ್ ಡಿಸೈನ್ ಎಂಬ ಹಣೆಪಟ್ಟಿ ಅದಕ್ಕೆ ಯಾರೂ ಹಚ್ಚಲಿಲ್ಲ. ಕರ್ನಾಟಕದ ಅಡುಗೆಮನೆಯ ಒಳಾಂಗಣದಲ್ಲಿ ಅದಕ್ಕಿಂತ ಮಹತ್ವದ ಬದಲಾವಣೆ ತಂದದ್ದು ಗ್ಯಾಸ್ ಸಿಲಿಂಡರ್ ಒಂದೇ ಇರಬೇಕು.

ನಗರದ ಮನೆಯಲ್ಲಿ ಹೊಗೆ ಹೋಗಿ ರಾಸಾಯನಿಕ ಬಂದಿದೆ. ಅಗ್ಗದ ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತಲೇ ಇರುತ್ತದೆ. ಅದು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಮನೆ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣ ಕೆರೆದು ತೆಗೆಯುವಾಗ ಏಳುವ ಧೂಳಿನ ಹತ್ತಿರ ಮಕ್ಕಳನ್ನು ಬಿಡಬಾರದು.

ಕಿಟಕಿ ಮುಚ್ಚಿ ಏಸಿ ಹಾಕಿದರೆ ಗಾಳಿ ಶುದ್ಧವಾಯಿತೆಂದು ತಿಳಿಯುವವರಿದ್ದಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕಿಸುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಹೋಗುತ್ತದೆ. ಈ ಅನಿಲ ದಶಲಕ್ಷಕ್ಕೆ 1,000 ಪಾಲು ದಾಟಿದರೆ ನಿರ್ಧಾರ ಮಾಡುವ ಶಕ್ತಿ ಕುಗ್ಗುತ್ತದೆಂದು 2012ರ ಒಂದು ಅಮೆರಿಕನ್ ಅಧ್ಯಯನ ಹೇಳಿತು. ನಂತರದ ಕೆಲವು ಅಧ್ಯಯನಗಳಿಗೆ ಅದು ಕಂಡಿಲ್ಲ. ಆ ವಾದ ಏನೇ ಇರಲಿ, ಆಗಾಗ ಕಿಟಕಿ ತೆರೆಯಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯ ಕಡಿಮೆ. ಕುಂಡದ ಗಿಡಗಳು ಗಾಳಿ ಶುದ್ಧ ಮಾಡುತ್ತವೆಂಬ ನಂಬಿಕೆ ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಯಲ್ಲಿ. ನಿಜವಾದ ಕೋಣೆಯಲ್ಲಿ ಕಿಟಕಿಯಷ್ಟು ಕೆಲಸ ಆಗಬೇಕಾದರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕೆಂದು 2019ರ ಪರಿಶೀಲನೆಯೊಂದು ಲೆಕ್ಕ ಹಾಕಿತು. ಗಿಡ ಇಡಿ, ಮನಸ್ಸಿಗೆ ಹಿತ. ಆದರೆ ಕಿಟಕಿಯನ್ನೂ ತೆರೆಯಿರಿ.

ಸದ್ದು ಮತ್ತು ಒಂದು ಗುಂಡಿ

ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಮೇಲ್ಸೇತುವೆಯ ರೈಲು ಓಡುತ್ತಿತ್ತು. ಹಳಿಯ ಕಡೆಯ ತರಗತಿಗಳ ಮಕ್ಕಳು ಅದೇ ಶಾಲೆಯ ಇನ್ನೊಂದು ಬದಿಯ ಮಕ್ಕಳಿಗಿಂತ ಓದಿನಲ್ಲಿ ಸುಮಾರು ಒಂದು ವರ್ಷದವರೆಗೂ ಹಿಂದೆ ಬಿದ್ದಿರುವುದನ್ನು ಆರ್ಲೀನ್ ಬ್ರಾನ್ಸಾಫ್ಟ್ 1975ರಲ್ಲಿ ತೋರಿಸಿದರು. ಹಳಿಗೆ ರಬ್ಬರ್ ಪಟ್ಟಿ, ತರಗತಿಗೆ ಸದ್ದು ಹೀರುವ ಚಾವಣಿ ಹಾಕಿಸಿದ ಮೇಲೆ 1981ರಲ್ಲಿ ಮತ್ತೆ ನೋಡಿದಾಗ ಆ ಅಂತರ ಅಳಿಸಿಹೋಗಿತ್ತು. ಒಳಾಂಗಣದ ಅಧ್ಯಯನಗಳಲ್ಲಿ ಇಷ್ಟು ನಿಚ್ಚಳವಾಗಿ ಕಾಯಿಲೆಯೂ ಮದ್ದೂ ಕಂಡದ್ದು ಅಪರೂಪ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಹೆದ್ದಾರಿ ಬದಿಯ ಶಾಲೆಗಳು ಅದಕ್ಕೆ ಎಷ್ಟು ದೂರವೆಂದು ತಿಳಿಯಲು ಮಾಪಕ ಬೇಕಿಲ್ಲ.

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸೂಕ್ಷ್ಮ. ಎರಡು ಗುಂಪಿಗೂ ಒಂದೇ ಬಗೆಯ ಕರ್ಕಶ ಸದ್ದು ಕೇಳಿಸಿದರು. ಒಂದು ಗುಂಪಿನ ಕೈಗೆ ಮಾತ್ರ ಸದ್ದು ನಿಲ್ಲಿಸುವ ಗುಂಡಿ ಕೊಟ್ಟು, ಆದಷ್ಟು ಒತ್ತಬೇಡಿ ಎಂದರು. ಹೆಚ್ಚಿನವರು ಒತ್ತಲಿಲ್ಲ. ಆದರೂ ಸದ್ದು ನಿಂತ ಮೇಲೆ ಕೊಟ್ಟ ಕೆಲಸದಲ್ಲಿ ಗುಂಡಿ ಇದ್ದವರೇ ಹೆಚ್ಚು ತಾಳ್ಮೆ ತೋರಿದರು, ತಪ್ಪು ಕಡಿಮೆ ಮಾಡಿದರು. ಬೇಕೆಂದಾಗ ನಿಲ್ಲಿಸಬಹುದು ಎಂಬ ಭರವಸೆಯೇ ಅರ್ಧ ಮದ್ದಾಯಿತು.

ಬೆಂಗಳೂರಿನ ಐಟಿ ಕಂಪನಿಗಳ ಗೋಡೆಯಿಲ್ಲದ ಕಚೇರಿಗಳಲ್ಲಿ ಇಲ್ಲದಿರುವುದು ಇದೇ ಗುಂಡಿ. ಗೋಡೆ ಕೆಡವಿದರೆ ಜನ ಬೆರೆತು ಮಾತಾಡುತ್ತಾರೆ ಎಂಬುದು ಆ ವಿನ್ಯಾಸದ ವಾದ. ಹಾರ್ವರ್ಡಿನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಎರಡು ಕಂಪನಿಗಳಲ್ಲಿ ಅಳೆದು 2018ರಲ್ಲಿ ಕಂಡದ್ದು ತಿರುವುಮುರುವು: ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಇಳಿದಿತ್ತು, ಇಮೇಲು ಹೆಚ್ಚಿತ್ತು. ಮರೆ ಸಿಗದ ಕಡೆ ಜನ ಇಯರ್‌ಫೋನನ್ನೇ ಗೋಡೆ ಮಾಡಿಕೊಳ್ಳುತ್ತಾರೆ.

ಕಾಲ ಕೆಳಗಿನ ನೆಲ, ಮೈ ಸುತ್ತಲಿನ ಬಿಸಿ

ಮೆಕ್ಸಿಕೊದ ಕೊವಾವಿಲಾ ರಾಜ್ಯದಲ್ಲಿ 2000ದಲ್ಲಿ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟು ಹಾಕಿಸುವ ಸರ್ಕಾರಿ ಯೋಜನೆ ಶುರುವಾಯಿತು. ಗಡಿಗೆ ಅಂಟಿಕೊಂಡ ಪಕ್ಕದ ರಾಜ್ಯದ ಊರುಗಳಲ್ಲಿ ಅದು ಇರಲಿಲ್ಲ. ಎರಡೂ ಕಡೆಯ ಮನೆಗಳನ್ನು ಹೋಲಿಸಿ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಮನೆಯ ನೆಲವೆಲ್ಲ ಸಿಮೆಂಟಾದರೆ ಮಕ್ಕಳ ಹೊಟ್ಟೆಹುಳದ ಕಾಟ ಶೇ. 78, ಭೇದಿ ಶೇ. 49, ರಕ್ತಹೀನತೆ ಶೇ. 81ರಷ್ಟು ಕಡಿಮೆ. ತಾಯಂದಿರ ಖಿನ್ನತೆ, ಒತ್ತಡಗಳೂ ಇಳಿದಿದ್ದವು. ಒಂದು ಮನೆಗೆ ತಗುಲಿದ ವೆಚ್ಚ ಸುಮಾರು 150 ಡಾಲರ್. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ನೆಮ್ಮದಿ ತಂದ ಒಳಾಂಗಣ ವಿನ್ಯಾಸ ಇನ್ನೊಂದು ಸಿಗುವುದು ಕಷ್ಟ.

ನೆಲ ವಯಸ್ಸಾದವರಿಗೆ ಇನ್ನೊಂದು ರೀತಿಯಲ್ಲಿ ಮುಖ್ಯ. ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಒದ್ದೆಯಾದರೆ ಜಾರುತ್ತದೆ. ಮನೆಯೊಳಗಿನ ಎಡವುವ, ಜಾರುವ ಜಾಗಗಳನ್ನು ಸರಿಪಡಿಸಿದರೆ ಹಿರಿಯರು ಬೀಳುವುದು ಸುಮಾರು ಶೇ. 26ರಷ್ಟು, ಬೀಳುವ ಅಪಾಯ ಹೆಚ್ಚಿರುವವರಲ್ಲಿ ಶೇ. 38ರಷ್ಟು ಕಡಿಮೆಯಾಗುತ್ತದೆ ಎನ್ನುತ್ತದೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಿಶೀಲನೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಒರಟು ನೆಲ, ರಾತ್ರಿ ದಾರಿಯಲ್ಲೊಂದು ದೀಪ: ಬೇಕಾಗುವುದು ಇಷ್ಟೇ.

ಬಿಸಿಯ ವಿಷಯದಲ್ಲಿ ಪಾಶ್ಚಾತ್ಯ ಮಾನದಂಡವನ್ನೇ ಬಹುಕಾಲ ನೆಚ್ಚಿದ್ದೆವು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಬೆಂಗಳೂರೂ ಸೇರಿ ಐದು ನಗರಗಳ ಕಚೇರಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಸಂಗ್ರಹಿಸಿ, ಕಿಟಕಿ ತೆರೆದ ಕಟ್ಟಡಗಳಲ್ಲಿ ಭಾರತೀಯರು ಋತುವಿಗೆ ತಕ್ಕಂತೆ 28 ಡಿಗ್ರಿ ಆಸುಪಾಸಿನಲ್ಲೂ ಹಿತವಾಗಿರುತ್ತಾರೆಂದು ತೋರಿಸಿತು. ನಮ್ಮ ಮೈ ಹೊಂದಿಕೊಳ್ಳಬಲ್ಲದು, ಫ್ಯಾನು ಕಿಟಕಿಗಳು ನಮ್ಮ ಕೈಯಲ್ಲಿದ್ದರೆ.

ಬಣ್ಣ, ಎತ್ತರ, ವಾಸ್ತು

ಮಾರುಕಟ್ಟೆಯ ಮಾತು ಹೆಚ್ಚು, ಪುರಾವೆ ಕಡಿಮೆ ಇರುವುದು ಇಲ್ಲೇ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯ ಕೋಣೆಗೆ ಒಂದು ಬಗೆಯ ಗುಲಾಬಿ ಬಣ್ಣ ಬಳಿದಾಗ ಕೈದಿಗಳ ಸಿಟ್ಟು ಇಳಿಯಿತೆಂದು ಸುದ್ದಿಯಾಯಿತು. ಅನೇಕ ದೇಶಗಳು ಅದನ್ನು ಅನುಸರಿಸಿದವು. 2015ರಲ್ಲಿ ಸ್ವಿಟ್ಜರ್ಲೆಂಡಿನ ಸೆರೆಮನೆಯಲ್ಲಿ ಸರಿಯಾದ ಹೋಲಿಕೆಯೊಂದಿಗೆ ಪರೀಕ್ಷಿಸಿದಾಗ ಅಂಥ ಪರಿಣಾಮ ಸಿಗಲಿಲ್ಲ. ಎತ್ತರದ ಚಾವಣಿಯ ಕೆಳಗೆ ಯೋಚನೆ ವಿಶಾಲವಾಗುತ್ತದೆ, ತಗ್ಗಿನ ಚಾವಣಿಯ ಕೆಳಗೆ ವಿವರಗಳಿಗೆ ಗಮನ ಹೋಗುತ್ತದೆ ಎಂದಿತು 2007ರ ಒಂದು ಪ್ರಯೋಗ. ಕುತೂಹಲದ ಸಂಗತಿ, ಅದರ ಮೇಲೆ ಮನೆ ಕಟ್ಟುವಷ್ಟು ಗಟ್ಟಿಯಲ್ಲ.

ವಾಸ್ತುವಿನ ಕೆಲವು ಸೂಚನೆಗಳಲ್ಲಿ ಗಾಳಿ ಬಿಸಿಲಿನ ಅನುಭವ ಅಡಗಿದ್ದೀತು. ಆದರೆ ಇದ್ದ ಕಿಟಕಿ ಮುಚ್ಚಿಸಿ, ಬಾಗಿಲು ತಿರುಗಿಸಿ, ಗಾಳಿಯ ದಾರಿ ಕಟ್ಟುವ ವಾಸ್ತು ತಿದ್ದುಪಡಿಗಳಿಂದ ಮೈಗೆ ಲಾಭವಿಲ್ಲ.

ಮಕ್ಕಳ ಎತ್ತರಕ್ಕೆ ಇಳಿದ ಹಲಗೆ

ಇಂಗ್ಲೆಂಡಿನ 27 ಪ್ರಾಥಮಿಕ ಶಾಲೆಗಳ 153 ತರಗತಿಗಳಲ್ಲಿ 3,766 ಮಕ್ಕಳನ್ನು ನೋಡಿದ 2015ರ ಅಧ್ಯಯನದ ಪ್ರಕಾರ, ಒಂದು ವರ್ಷದ ಕಲಿಕೆಯಲ್ಲಿ ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದಲ್ಲಿ ಶೇ. 16ರಷ್ಟನ್ನು ತರಗತಿಯ ಕೋಣೆ ವಿವರಿಸುತ್ತದೆ. ಅದರಲ್ಲಿ ಅರ್ಧ ಪಾಲು ಬೆಳಕು, ಗಾಳಿ, ಬಿಸಿಯದು. ಉಳಿದುದರಲ್ಲಿ ಒಂದು ಭಾಗ ಬಣ್ಣ, ಅಲಂಕಾರಗಳದು. ಅವು ಮಿತವಾಗಿದ್ದರೆ ಒಳ್ಳೆಯದು. ಗೋಡೆ ತುಂಬ ಚಿತ್ರ ಅಂಟಿಸಿದರೆ ಚಿಕ್ಕ ಮಕ್ಕಳ ಗಮನ ಚೆದುರುತ್ತದೆಂದು 2014ರ ಅಮೆರಿಕದ ಇನ್ನೊಂದು ಪ್ರಯೋಗವೂ ಹೇಳುತ್ತದೆ. ಇನ್ನೊಂದು ಭಾಗ, ಆ ತರಗತಿ ತಮ್ಮದೆಂದು ಮಕ್ಕಳಿಗೆ ಅನಿಸುವುದರದು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ ಕಲಿ’ ಎಂಬ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿ ಈ ಕೊನೆಯ ಮಾತನ್ನು ಆಗಲೇ ಅರಿತಿತ್ತು. ಸಾಲು ಬೆಂಚು ಹೋಗಿ ಮಕ್ಕಳು ಗುಂಪಾಗಿ ಸುತ್ತ ಕೂತರು. ಮಾಸ್ತರರ ಎತ್ತರದಲ್ಲಿದ್ದ ಕಪ್ಪುಹಲಗೆಯ ಜೊತೆಗೆ, ಮಕ್ಕಳ ಕೈಗೆ ಎಟಕುವಂತೆ ಗೋಡೆಯ ಬುಡದಲ್ಲಿ ಹಲಗೆ ಬಂತು. ತಲೆಯ ಮೇಲೆ ಕಟ್ಟಿದ ಕಲಿಕಾ ಚಪ್ಪರದಲ್ಲಿ ಮಕ್ಕಳ ಕೆಲಸವೇ ತೂಗಾಡಿತು. ಮಕ್ಕಳ ಎತ್ತರಕ್ಕೆ ಒಂದು ಹಲಗೆ ತರುವುದಕ್ಕೆ ದೊಡ್ಡ ಹಣವೇನೂ ಬೇಕಿರಲಿಲ್ಲ.

ಯಾರ ಮಾತು ನಡೆಯುತ್ತದೆ?

ಬ್ರಿಟನ್ನಿನ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಕಚೇರಿ ಕೋಣೆಗಳನ್ನು ನಾಲ್ಕು ಬಗೆಯಲ್ಲಿ ಅಣಿಮಾಡಿ ನೋಡಿದರು. ಬೋಳು ಕೋಣೆಗಿಂತ ಗಿಡ, ಚಿತ್ರ ಇಟ್ಟ ಕೋಣೆಯಲ್ಲಿ ಕೆಲಸ ಚೆನ್ನಾಗಿ ನಡೆಯಿತು. ಅದಕ್ಕಿಂತ ಚೆನ್ನಾಗಿ ನಡೆದದ್ದು ಕೆಲಸಗಾರರೇ ತಮಗೆ ಬೇಕಾದಂತೆ ಜೋಡಿಸಿಕೊಂಡ ಕೋಣೆಯಲ್ಲಿ. ಅವರು ಜೋಡಿಸಿದ್ದನ್ನು ಮೇಲಿನವರು ಬಂದು ಬದಲಿಸಿದ ಕೂಡಲೇ ಆ ಲಾಭ ಹೋಯಿತು.

ಈ ಮಾತನ್ನು ಮನೆಗೆ ತಂದರೆ ಮುಜುಗರದ ಪ್ರಶ್ನೆಗಳು ಏಳುತ್ತವೆ. ನಮ್ಮ ಹಳೆಯ ಮನೆಗಳಲ್ಲಿ ಗಾಳಿ ಬೆಳಕು ಎಷ್ಟೇ ಇದ್ದರೂ ಜಗಲಿ, ಪಡಸಾಲೆ, ನಡುಮನೆ ಎಂಬ ಏರ್ಪಾಟು ಯಾವ ಜಾತಿಯವರು ಯಾವ ಹೊಸ್ತಿಲವರೆಗೆ ಬರಬಹುದು ಎಂದೂ ಹೇಳುತ್ತಿತ್ತು. ಹೆಂಗಸರ ಪಾಲಿಗೆ ಬಂದದ್ದು ಹಿಂಬದಿಯ ಕತ್ತಲ ಅಡುಗೆಮನೆ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೊಟ್ಸ್ಕಿ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗೆ ರೂಪಿಸಿದ ಅಡುಗೆಮನೆ ಗೃಹಿಣಿಯ ಹೆಜ್ಜೆಗಳನ್ನು ಲೆಕ್ಕ ಹಾಕಿತ್ತು. ಸುಮಾರು ಹತ್ತು ಸಾವಿರ ಮನೆಗಳಿಗೆ ಅದು ಬಂತು. ಇಂದಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ ಅದೇ. ಅದನ್ನೂ ಮುಂದೆ ಟೀಕಿಸಲಾಯಿತು: ಒಬ್ಬರಷ್ಟೇ ನಿಲ್ಲಬಹುದಾದ ಕೋಣೆಯಲ್ಲಿ ಅಡುಗೆ ಒಬ್ಬಳ ಕೆಲಸವಾಗಿಯೇ ಉಳಿಯಿತು. ನಮ್ಮಲ್ಲಿ ಈಗಲೂ ಹಾಲಿನ ಟೀವಿ ಗೋಡೆಗೆ ಲಕ್ಷ ಸುರಿಯುವವರು ಅಡುಗೆ ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಅಲ್ಲಿ ನಿಲ್ಲುವವರನ್ನು ಕೇಳುವುದು ಅಪರೂಪ.

ಇಷ್ಟನ್ನೂ ನೋಡಿದ ಮೇಲೆ ತೀರ್ಮಾನ ಕಷ್ಟವಲ್ಲ. ಒಳಾಂಗಣ ಮನುಷ್ಯನ ಆರೋಗ್ಯ, ಕಲಿಕೆ, ಮನಸ್ಸು ಎಲ್ಲವನ್ನೂ ಮುಟ್ಟುತ್ತದೆ ಎಂಬುದು ನಿಜ. ದುಬಾರಿ ಒಳಾಂಗಣ ಹೆಚ್ಚು ಒಳಿತು ಮಾಡುತ್ತದೆ ಎಂಬುದು ನಿಜವಲ್ಲ. ಮನೆಯೋ ಶಾಲೆಯೋ ಆಸ್ಪತ್ರೆಯೋ, ಹಣ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಹಗಲಿನ ಬೆಳಕು, ಹೊರಗಿನ ಗಾಳಿ ಒಳಬರುತ್ತಿದೆಯೇ? ಮಕ್ಕಳು, ಮುದುಕರು ಜಾರದೆ, ಗದ್ದಲವಿಲ್ಲದೆ ಇರಬಹುದೇ? ಅಲ್ಲಿ ದಿನದ ಹೆಚ್ಚು ಹೊತ್ತು ಕಳೆಯುವವರನ್ನು ಕೇಳಿದ್ದೀರಾ? ಮೂರಕ್ಕೂ ಹೌದೆಂಬ ಉತ್ತರ ಬಂದ ಮೇಲೆ ಲ್ಯಾಮಿನೇಟಿನ ಬಣ್ಣ ಯಾವುದಾದರೂ ಆಗಲಿ, ನಿಮ್ಮಿಷ್ಟ.